ತಪ್ಪು ಎಲ್ಲಿಂದ ಬರುತ್ತದೆ ಗೊತ್ತಾದರೆ ಇಂಗ್ಲಿಷ್ ಅರ್ಧ ಬಂದ ಹಾಗೆ: ಮಲೆನಾಡಿನವರಿಗೊಂದು ಕೈಪಿಡಿ

"ಓದಿದ್ರೆ ಅರ್ಥ ಆಗತ್ತೆ, ಬರೆಯೋದೂ ಒಂದು ಮಟ್ಟಿಗೆ ಬರತ್ತೆ. ಬಾಯಿ ಬಿಟ್ರೆ ಮಾತ್ರ ತಡವರಿಸತ್ತೆ. ಏನು ಮಾಡೋದು?" ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಇದೇ. ಕೇಳುವವರಲ್ಲಿ ಹೋಮ್‌ಸ್ಟೇ ನಡೆಸುವವರಿದ್ದಾರೆ, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟ ಹುಡುಗರಿದ್ದಾರೆ, ಮಕ್ಕಳ ಶಾಲೆಯ ಮೀಟಿಂಗಿನಲ್ಲಿ ಸುಮ್ಮನೆ ಕೂತು ಎದ್ದು ಬರುವ ಅಮ್ಮಂದಿರಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲಿಗೆ, ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ನಮ್ಮ ಕಡೆ ಮನೆಯೊಳಗೆ ಹವ್ಯಕ ಕನ್ನಡವೋ ಕೊಂಕಣಿಯೋ ತುಳುವೋ ಉರ್ದುವೋ ಲಂಬಾಣಿಯೋ ಇರುತ್ತದೆ, ಹೊಸಿಲು ದಾಟಿದರೆ ಪೇಟೆಯ ಕನ್ನಡ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ತಮಿಳೂ ತೆಲುಗೂ ಕಿವಿಗೆ ಬಿದ್ದೇ ಇರುತ್ತದೆ. ಶಿವಮೊಗ್ಗದ ಪಕ್ಕದ ಮತ್ತೂರಿನಲ್ಲಂತೂ ಸಂಕೇತಿ, ಕನ್ನಡ, ಸಂಸ್ಕೃತ ಮೂರೂ ಒಂದೇ ಜಗಲಿಯ ಮೇಲೆ ನಡೆಯುತ್ತವೆ. 2011ರ ಜನಗಣತಿಯಲ್ಲಿ ಇಂಗ್ಲಿಷನ್ನು ತಾಯ್ನುಡಿ ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಜನ. ಎರಡನೆಯ ಭಾಷೆ ಎಂದು ಬರೆಸಿದವರು 8 ಕೋಟಿಗೂ ಹೆಚ್ಚು. ಅಂದರೆ ನಿಮ್ಮ ಎದುರು ನಿಂತು ಫಟಫಟ ಇಂಗ್ಲಿಷ್ ಹೊಡೆಯುವವರು ಕೂಡ, ಹೆಚ್ಚುಕಡಿಮೆ ಎಲ್ಲರೂ, ನಿಮ್ಮ ಹಾಗೆ ಕಲಿತವರೇ.

ಎರಡನೆಯದು ಇದಕ್ಕಿಂತ ಮುಖ್ಯ. ನಾವು ಮಾಡುವ ಇಂಗ್ಲಿಷ್ ತಪ್ಪುಗಳಲ್ಲಿ ಮುಕ್ಕಾಲು ಪಾಲು ತಪ್ಪೇ ಅಲ್ಲ, ಇಂಗ್ಲಿಷ್ ಬಟ್ಟೆ ಹಾಕಿಕೊಂಡ ಸರಿಯಾದ ಕನ್ನಡ. ಕನ್ನಡದ ಯಾವ ನಿಯಮ ಎಲ್ಲಿ ನುಸುಳುತ್ತದೆ ಎಂದು ಒಮ್ಮೆ ಕಂಡರೆ ಸಾಕು, ಮುಂದಿನ ಸಲ ನಾಲಿಗೆ ತಾನೇ ತಡೆಯುತ್ತದೆ. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

ಏನೇನು ಬೇಕು

ಇನ್ನೂರು ಪುಟದ ಒಂದು ನೋಟ್‌ಬುಕ್, ರೆಕಾರ್ಡರ್ ಇರುವ ಫೋನು, ದಿನಕ್ಕೆ ಅರ್ಧ ಗಂಟೆ, ಜೊತೆಗೆ ಕಲಿಯಲು ಒಬ್ಬರು. ಗಂಡ, ಹೆಂಡತಿ, ನಾದಿನಿ, ಪಕ್ಕದ ಮನೆಯ ಪಿಯುಸಿ ಹುಡುಗಿ, ಯಾರಾದರೂ ಆದೀತು, ನಗದೇ ಇದ್ದರೆ ಸಾಕು.

ಎಚ್ಚರಿಕೆ: "30 ದಿನದಲ್ಲಿ ಇಂಗ್ಲಿಷ್" ಎಂಬ ಬೋರ್ಡು ಕಂಡರೆ ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಒಂದು ತರಗತಿಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ? ನಾನೂ ಒಂದು ಕಾಲದಲ್ಲಿ ಅಂಥಲ್ಲಿ ದುಡ್ಡು ಕಟ್ಟಿ ತಿಂಗಳಿಡೀ ಕಾಲಗಳ ಪಟ್ಟಿ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆದದ್ದು ಹಾಜರಿ ಹೇಳಲು ಮಾತ್ರ.

ಹಂತ 1: ಯಾವ ಮಾತಿಗೆ ಇಂಗ್ಲಿಷ್ ಬೇಕು ಬರೆದುಕೊಳ್ಳಿ

"ಇಂಗ್ಲಿಷ್ ಕಲೀಬೇಕು" ಅನ್ನುವುದು "ಅಡುಗೆ ಕಲೀಬೇಕು" ಅಂದ ಹಾಗೆ. ಯಾವ ಅಡುಗೆ? ನಿಮ್ಮ ಬದುಕಿನಲ್ಲಿ ಇಂಗ್ಲಿಷ್ ಬೇಕಾಗುವ ಹತ್ತು ಸಂದರ್ಭ ಬರೆಯಿರಿ. ಮ್ಯಾಪ್ ಕೈಕೊಟ್ಟು ಆಗುಂಬೆ ಘಾಟಿಯಲ್ಲಿ ಸಿಕ್ಕಿಕೊಂಡ ಅತಿಥಿಗೆ ಫೋನಿನಲ್ಲಿ ದಾರಿ ಹೇಳುವುದು. ಬ್ಯಾಂಕಿನ ಹೊಸ ಮ್ಯಾನೇಜರಿಗೆ ಕನ್ನಡ ಬಾರದಾಗ ಸಾಲದ ಕಂತಿನ ಬಗ್ಗೆ ಕೇಳುವುದು. ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಎರಡು ನಿಮಿಷ ಹೇಳುವುದು. ಒಂದೊಂದಕ್ಕೂ ನೀವು ಕನ್ನಡದಲ್ಲಿ ಏನು ಹೇಳುತ್ತಿದ್ದಿರಿ ಅನ್ನುವುದನ್ನು ಆಡುಮಾತಿನಲ್ಲೇ ಬರೆಯಿರಿ, ಗ್ರಂಥದ ಕನ್ನಡ ಬೇಡ. ಮೊದಲ ಮೂರು ತಿಂಗಳು ಈ ಹತ್ತೇ ನಿಮ್ಮ ಪಠ್ಯ.

ಹಂತ 2: ಬಾಯಲ್ಲಿರುವ ಇಂಗ್ಲಿಷನ್ನು ಎಣಿಸಿ, ಆಮೇಲೆ ಸೋಸಿ

ಬಸ್ಸು, ಗೇಟು, ಪಂಪ್‌ಸೆಟ್ಟು, ಸ್ಟಾಕು, ರೇಟು, ಲೋಡು. ಒಂದು ಸಂಜೆ ಕೂತು ಬರೆದರೆ ಸುಲಭಕ್ಕೆ ಮುನ್ನೂರು ಪದ ದಾಟುತ್ತದೆ. ಇವು ನಿಮ್ಮ ಮೂಲಧನ. ಆದರೆ ಇವುಗಳಲ್ಲಿ ಕೆಲವು ಕನ್ನಡಕ್ಕೆ ಬಂದ ಮೇಲೆ ಅರ್ಥ ಬದಲಿಸಿಕೊಂಡಿವೆ. ತಲೆ ಕೆಡಿಸುವುದು ಅವೇ.

'ಹೋಟೆಲ್' ಅಂದರೆ ನಮಗೆ ದೋಸೆ ತಿನ್ನುವ ಜಾಗ. ಹೊರಗಿನವರಿಗೆ ರಾತ್ರಿ ಉಳಿಯುವ ಜಾಗ. ನಮ್ಮ ಹೋಟೆಲನ್ನು ಅವರಿಗೆ 'ರೆಸ್ಟೋರೆಂಟ್' ಎಂದೇ ಹೇಳಿ. 'ಕರೆಂಟ್ ಹೋಯ್ತು', ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ದಿನವೂ ಆಡುವ ಮಾತು, 'ದ ಪವರ್ ಈಸ್ ಔಟ್' ಆಗಬೇಕು. 'ಐ ಹ್ಯಾವ್ ಎ ಡೌಟ್' ಅಂದರೆ ನಮ್ಮಲ್ಲಿ ಪ್ರಶ್ನೆ ಇದೆ ಎಂದಷ್ಟೇ. ಹೊರದೇಶದವರ ಕಿವಿಗೆ ಅವರ ಮಾತಿನ ಮೇಲೇ ನಿಮಗೆ ಅನುಮಾನ ಎಂದು ಕೇಳುತ್ತದೆ. 'ಐ ಹ್ಯಾವ್ ಎ ಕ್ವೆಶ್ಚನ್' ಅನ್ನಿ. 'ಐ ಪಾಸ್ಡ್ ಔಟ್ ಇನ್ 2019' ಅಂದರೆ ಅವರ ಲೆಕ್ಕದಲ್ಲಿ ನೀವು ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ. 'ಗ್ರ್ಯಾಜುಯೇಟೆಡ್' ಸರಿ.

ಹಾಗಂತ ಭಾರತೀಯ ಇಂಗ್ಲಿಷೆಲ್ಲ ಕೀಳಲ್ಲ. ನಾವು ಬಳಸಿ ಬೆಳೆಸಿದ 'ಪ್ರಿಪೋನ್' (ಗೊತ್ತಾದ ಹೊತ್ತಿಗಿಂತ ಮುಂಚೆಗೆ ತರುವುದು) ಎಂಬ ಪದ ಆಕ್ಸ್‌ಫರ್ಡ್ ನಿಘಂಟಿಗೇ ಹೋಗಿ ಕೂತಿದೆ. ಮೀಟಿಂಗು ಬೆಂಗಳೂರಿನವರ ಜೊತೆಗಾದರೆ ಧಾರಾಳವಾಗಿ ಬಳಸಿ. ಕೊಡುಕೊಳ್ಳುವಿಕೆ ಹಳೆಯದು: ತೇಗಕ್ಕೆ ಇರುವ 'ಟೀಕ್', ಹಲಸಿಗಿರುವ 'ಜ್ಯಾಕ್', ಅಡಿಕೆಗಿರುವ 'ಅರೆಕಾ' ಮೂರೂ ಮಲಯಾಳಂನಿಂದ ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋದ ಪದಗಳು. ಅಂದ ಹಾಗೆ ಅಡಿಕೆಗೆ 'ಬೀಟಲ್ ನಟ್' ಅನ್ನುವುದು ಚಾಲ್ತಿಯಲ್ಲಿದ್ದರೂ ಎಡವಟ್ಟು ಹೆಸರು. ಬೀಟಲ್ ಅಂದರೆ ವೀಳ್ಯದೆಲೆ. ನಿಮ್ಮ ತೋಟ ತೋರಿಸುವಾಗ 'ಅರೆಕಾ' ಎಂದೇ ಹೇಳಿ.

ಹಂತ 3: ವಾಕ್ಯಕ್ಕೆ ಯಜಮಾನನನ್ನು ಕೂರಿಸಿ

"ನಿನ್ನೆ ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆ ಮಾರಿದೆ." ಈ ವಾಕ್ಯದಲ್ಲಿ 'ನಾನು' ಇಲ್ಲ. ಬೇಕಾಗಿಯೂ ಇಲ್ಲ, 'ಮಾರಿದೆ' ಎಂಬುದರ ಬಾಲದಲ್ಲೇ ನಾನು ಕೂತಿದ್ದೇನೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲವಿಲ್ಲ. ಅದಕ್ಕೇ ಅಲ್ಲಿ ಯಾರು ಮಾಡಿದ್ದು ಎಂದು ಮೊದಲೇ ಹೇಳಬೇಕು, ಕೂಡಲೇ ಏನು ಮಾಡಿದ್ದು ಎಂದು ಹೇಳಬೇಕು, ಉಳಿದದ್ದೆಲ್ಲ ಆಮೇಲೆ: 'ಐ ಸೋಲ್ಡ್ ಅರೆಕಾ ಅಟ್ ದ ಮಾರ್ಕೆಟ್ ಯೆಸ್ಟರ್ಡೇ.' ಯಾರು, ಮಾಡಿದ್ದು, ಏನನ್ನು, ಎಲ್ಲಿ, ಯಾವಾಗ. ಈ ಐದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಯಜಮಾನ ಇಲ್ಲದ ಕಡೆಯೂ ಇಂಗ್ಲಿಷ್ ಒಬ್ಬನನ್ನು ಬಾಡಿಗೆಗೆ ತರುತ್ತದೆ. ಮಳೆ ನಮ್ಮಲ್ಲಿ 'ಬರುತ್ತದೆ', ಹಾಗಾಗಿ 'ರೈನ್ ಈಸ್ ಕಮಿಂಗ್' ಎಂದು ಬಾಯಿಗೆ ಬರುತ್ತದೆ. ಸರಿಯಾದದ್ದು 'ಇಟ್ ಈಸ್ ರೇನಿಂಗ್'. ಆ 'ಇಟ್' ಯಾರು? ಯಾರೂ ಅಲ್ಲ. ಕುರ್ಚಿ ಖಾಲಿ ಬಿಡಬಾರದು ಎಂದು ಕೂರಿಸಿದ ಬೆದರುಬೊಂಬೆ. ಮಲೆನಾಡಿನವರು ಈ ಒಂದು ವಾಕ್ಯವನ್ನಾದರೂ ತಪ್ಪಿಲ್ಲದೆ ಆಡಬೇಕು, ಬಳಸುವ ಅವಕಾಶಕ್ಕೇನೂ ಕೊರತೆಯಿಲ್ಲ.

ಸಾಗರದ ಕಡೆಯ ಹವ್ಯಕರಿಗೊಂದು ಪ್ರತ್ಯೇಕ ಸೂಚನೆ. "ಅಕ್ಕ ಬಂತು" ಅನ್ನುವ ರೂಢಿಯಿಂದ ಇಂಗ್ಲಿಷಿನಲ್ಲಿ 'ಶಿ' ಬರಬೇಕಾದ ಕಡೆ ನಾಲಿಗೆ ಒಂದು ಕ್ಷಣ ಹುಡುಕಾಡಬಹುದು. ಮನೆಯ ಹೆಂಗಸರ ಬಗ್ಗೆ ದಿನಕ್ಕೆ ಐದು ವಾಕ್ಯ 'ಶಿ' ಹಚ್ಚಿ ಹೇಳಿ ರೂಢಿ ಮಾಡಿಕೊಳ್ಳಿ.

ಹಂತ 4: ವಿಭಕ್ತಿಯ ಬಲೆ ಬಿಡಿಸಿಕೊಳ್ಳಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ವಿಭಕ್ತಿ ಅಂದರೆ ಪದದ ಕೊನೆಗೆ ಅಂಟುವ ಅನ್ನು, ಇಂದ, ಗೆ, ಅಲ್ಲಿ ಮುಂತಾದವು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದದ ಮುಂದೆ ನಿಲ್ಲುವ 'ಇನ್', 'ಆನ್', 'ಅಟ್', 'ಟು' ಥರದ ಪುಟ್ಟ ಪದಗಳು ಮಾಡುತ್ತವೆ. ಅವುಗಳನ್ನು ಪ್ರಿಪೊಸಿಷನ್ ಅನ್ನುತ್ತಾರೆ. ನಮ್ಮ ಒಂದು ವಿಭಕ್ತಿಗೆ ಅವರಲ್ಲಿ ನಾಲ್ಕೈದು ಪ್ರಿಪೊಸಿಷನ್ ಇರುವುದೇ ತೊಡಕು.

'ಇಂದ' ನೋಡಿ. "ಎರಡು ವರ್ಷದಿಂದ ಇಲ್ಲಿದ್ದೇನೆ", "2022ರಿಂದ ಇಲ್ಲಿದ್ದೇನೆ". ನಮಗೆ ಎರಡೂ 'ಇಂದ'. ಹಾಗಾಗಿ 'ಸಿನ್ಸ್ ಟೂ ಇಯರ್ಸ್' ಎಂದು ಬಿಡುತ್ತೇವೆ. ಹಸು ಕಟ್ಟಿದ್ದನ್ನು ನೆನಪಿಸಿಕೊಳ್ಳಿ: ಗೂಟ ಎಲ್ಲಿದೆ ಅನ್ನುವುದು 'ಸಿನ್ಸ್', ಹಗ್ಗ ಎಷ್ಟು ಉದ್ದ ಅನ್ನುವುದು 'ಫಾರ್'. 2022, ಸೋಮವಾರ, ದೀಪಾವಳಿ ಇವು ಗೂಟ. ಎರಡು ವರ್ಷ, ಮೂರು ಗಂಟೆ ಇವು ಹಗ್ಗ. ಜೊತೆಗೆ 'ಐ ಆಮ್ ವರ್ಕಿಂಗ್' ಅಲ್ಲ, 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್'.

'ಗೆ' ಇನ್ನೂ ಚಾಲಾಕಿ. ನನಗೆ ಜ್ವರ ಬಂದಿದೆ, ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಬೇಕು. ಕನ್ನಡದಲ್ಲಿ ಜ್ವರ, ಹಸಿವು, ಅರಿವು ಎಲ್ಲವೂ ತಾವಾಗಿ ನಮ್ಮ ಬಳಿ ಬರುತ್ತವೆ. ನಾವು ಸುಮ್ಮನೆ ಕೂತಿರುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ಐ' ಮುಂದೆ ಬಂದು ನಿಲ್ಲಬೇಕು: 'ಐ ಹ್ಯಾವ್ ಎ ಫೀವರ್', 'ಐ ಆಮ್ ಹಂಗ್ರಿ', 'ಐ ನೋ', 'ಐ ವಾಂಟ್'. ಕನ್ನಡ ವಾಕ್ಯ 'ನನಗೆ' ಎಂದು ಶುರುವಾದರೆ ಕಣ್ಣು ಮುಚ್ಚಿ 'ಐ' ಹಾಕಿ, ಹೆಚ್ಚಿನ ಸಲ ಸರಿಹೋಗುತ್ತದೆ.

ಕೋಪ ನಮ್ಮಲ್ಲಿ ಒಬ್ಬರ 'ಮೇಲೆ' ಬರುತ್ತದೆ, ಇಂಗ್ಲಿಷಿನಲ್ಲಿ 'ಆಂಗ್ರಿ ವಿತ್'. ಮದುವೆ ನಮ್ಮಲ್ಲಿ ಒಬ್ಬರ 'ಜೊತೆ' ಆಗುತ್ತದೆ, ಅಲ್ಲಿ 'ಮ್ಯಾರೀಡ್ ಟು'. ಕಾರಿನಲ್ಲಿ ಅನ್ನುವುದು 'ಇನ್ ದ ಕಾರ್', ಬಸ್ಸಿನಲ್ಲಿ ಅನ್ನುವುದು 'ಆನ್ ದ ಬಸ್'. 'ಡಿಸ್ಕಸ್' ಎಂಬ ಪದದ ಹೊಟ್ಟೆಯಲ್ಲೇ 'ಬಗ್ಗೆ' ಇದೆ, 'ಅಬೌಟ್' ಹಚ್ಚಬೇಡಿ. 'ರಿಟರ್ನ್' ಪದದೊಳಗೆ 'ವಾಪಸ್' ಇದೆ, 'ಬ್ಯಾಕ್' ಬೇಡ.

ಇವನ್ನು ನಿಯಮವಾಗಿ ಕಲಿಯಲು ಹೋದರೆ ಸೋಲುತ್ತೀರಿ. ಜೋಡಿಯಾಗಿ ಕಲಿಯಿರಿ. 'ಆಂಗ್ರಿ' ಎಂದು ಎಂದೂ ಒಂಟಿಯಾಗಿ ಬರೆಯಬೇಡಿ, 'ಆಂಗ್ರಿ ವಿತ್' ಎಂದೇ ಬರೆಯಿರಿ.

ಇನ್ನೊಂದು ಪರಿಚಿತ ಬಲೆ 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್'. ಇರುವುದು, ಗೊತ್ತಿರುವುದು, ಬೇಕೆನಿಸುವುದು, ಅರ್ಥವಾಗುವುದು ಇವೆಲ್ಲ ಸ್ಥಿತಿ, ನಡೆಯುತ್ತಿರುವ ಕೆಲಸ ಅಲ್ಲ. ಇವಕ್ಕೆ ಸಾಮಾನ್ಯವಾಗಿ 'ಇಂಗ್' ಬಾಲ ಹಚ್ಚಬಾರದು. 'ಐ ಹ್ಯಾವ್ ಟೂ ಬ್ರದರ್ಸ್.' ಆದರೆ ಊಟ ಮಾಡುತ್ತಿದ್ದರೆ 'ಐ ಆಮ್ ಹ್ಯಾವಿಂಗ್ ಲಂಚ್' ಸರಿ, ಅದು ಕೆಲಸ.

ಹಂತ 5: ಮರ್ಯಾದೆ ಎಲ್ಲಿ ಹೋಯಿತು ಹುಡುಕಿ

ಇದನ್ನು ಯಾರೂ ಕಲಿಸುವುದಿಲ್ಲ ಅನ್ನುವುದು ನನ್ನ ದೂರು. ಒಂದು ಹೋಮ್‌ಸ್ಟೇಯ ಬೆಳಗನ್ನು ಊಹಿಸಿಕೊಳ್ಳಿ. ಹಂಡೆಯಲ್ಲಿ ನೀರು ಕಾದಿದೆ, ಕಡುಬು ಬೆಂದಿದೆ. ಮನೆಯವರು ಅತಿಥಿಗೆ ಪ್ರೀತಿಯಿಂದ ಹೇಳಬೇಕಾದ್ದು "ಸ್ನಾನ ಮಾಡ್ಕೊಂಡು ತಿಂಡಿಗೆ ಬನ್ನಿ". ಹೇಳುವುದು: 'ಯು ಟೇಕ್ ಬಾತ್ ಅಂಡ್ ಕಮ್ ಫಾರ್ ಟಿಫಿನ್.' ಅತಿಥಿಯ ಮುಖ ಸಣ್ಣಗಾಗುತ್ತದೆ. ಸ್ನಾನ ಮಾಡದೆ ತಿಂಡಿ ಇಲ್ಲ ಎಂಬ ಹಾಸ್ಟೆಲ್ ವಾರ್ಡನ್ನಿನ ಅಪ್ಪಣೆಯ ಹಾಗೆ ಅದು ಕೇಳಿಸಿದೆ.

ಆದದ್ದೇನು? 'ಬನ್ನಿ' ಎಂಬುದರ ಕೊನೆಯ 'ಇ' ಇದೆಯಲ್ಲ, ನಮ್ಮ ಮರ್ಯಾದೆ ಪೂರ್ತಿ ಅದರಲ್ಲೇ ಇತ್ತು. ಬಾ, ಬನ್ನಿ, ಕೊಡು, ಕೊಡಿ, ನೀನು, ನೀವು. ಇಂಗ್ಲಿಷಿಗೆ ದಾಟಿಸುವಾಗ ಆ 'ಇ' ಘಾಟಿಯಲ್ಲೇ ಉದುರಿತು. 'ಕಮ್' ಅನ್ನುವುದು ಬಾ ಕೂಡ ಹೌದು, ಬನ್ನಿ ಕೂಡ ಹೌದು, 'ಯು' ಎಲ್ಲರಿಗೂ ಒಂದೇ. ಹಾಗಾಗಿ ಮರ್ಯಾದೆಯನ್ನು ಬೇರೆ ಕಡೆ ತುಂಬಬೇಕು: ಅಪ್ಪಣೆಯನ್ನು ಪ್ರಶ್ನೆಯಾಗಿಸಿ, ಇಲ್ಲವೇ ಆಯ್ಕೆಯಾಗಿಸಿ. 'ಬ್ರೇಕ್‌ಫಾಸ್ಟ್ ಈಸ್ ರೆಡಿ ವೆನೆವರ್ ಯು ಆರ್.' 'ದೇರ್ ಈಸ್ ಹಾಟ್ ವಾಟರ್ ಇಫ್ ಯು ವುಡ್ ಲೈಕ್ ಎ ಬಾತ್.' ನೀರು ಬೇಕಾದರೆ 'ಗಿವ್ ಮಿ ವಾಟರ್' ಬದಲು 'ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?' 'ಕುಡ್', 'ವುಡ್' ಎರಡೂ ನಮ್ಮ 'ಇ'ಕಾರದ ಕೆಲಸ ಮಾಡುತ್ತವೆ ಎಂದುಕೊಳ್ಳಿ. ಬರೀ 'ಪ್ಲೀಸ್' ಸಾಲದು. 'ಪ್ಲೀಸ್ ಸಿಟ್ ಹಿಯರ್' ಅನ್ನುವುದು ದನಿ ಗಡುಸಾದರೆ ಅಪ್ಪಣೆಯೇ.

ಬೀಳ್ಕೊಡುವಾಗಲೂ ಹೀಗೇ. "ಹೋಗಿ ಬರ್ತೀನಿ" ನಮಗೆ ಶುಭದ ಮಾತು. 'ಐ ವಿಲ್ ಗೋ ಅಂಡ್ ಕಮ್' ಎಂದರೆ ಎದುರಿನವರು ನೀವು ಹತ್ತು ನಿಮಿಷದಲ್ಲಿ ವಾಪಸ್ ಬರುತ್ತೀರಿ ಎಂದು ಕಾಯುತ್ತಾರೆ. 'ಸೀ ಯು' ಸಾಕು.

ಪತ್ರದಲ್ಲಿ 'ಪ್ಲೀಸ್ ಡು ದ ನೀಡ್‌ಫುಲ್' ಬರೆಯುವ ಚಟ ಬಿಡಿ. ಅಗತ್ಯವಾದದ್ದೇನು ಎಂದು ಓದುವವರಿಗೆ ಗೊತ್ತಿದ್ದರೆ ನೀವು ಪತ್ರವನ್ನೇ ಬರೆಯುತ್ತಿರಲಿಲ್ಲ. ಪಾಸ್‌ಬುಕ್ ಬೇಕೋ, ಹೆಸರು ತಿದ್ದಬೇಕೋ, ಯಾವ ದಿನದೊಳಗೆ ಎಂಬುದನ್ನು ನೇರವಾಗಿ ಬರೆಯಿರಿ.

ಹಂತ 6: 'ಎ', 'ಆನ್', 'ದ'

ಆರ್ಟಿಕಲ್ ಎಂದು ಕರೆಯುವ ಈ ಮೂರಕ್ಕೆ ಕನ್ನಡದಲ್ಲಿ ಸರಿಜೋಡಿ ಇಲ್ಲ. ಕೇಳುವವರಿಗೆ ಯಾವುದು ಎಂದು ಗೊತ್ತಿದ್ದರೆ 'ದ', ಗೊತ್ತಿಲ್ಲದ ಹೊಸದೊಂದಾದರೆ 'ಎ', ಮುಂದಿನ ಪದ ಸ್ವರದ ದನಿಯಿಂದ ಶುರುವಾದರೆ 'ಆನ್'. ಸದ್ಯಕ್ಕೆ ಇಷ್ಟೇ ಸಾಕು. ಇವು ತಪ್ಪಿದರೆ ಅರ್ಥ ಕೆಡುವುದು ಅಪರೂಪ. ಕೊನೆಗೆ ಕಲಿತರೂ ನಡೆಯುತ್ತದೆ.

ಹಂತ 7: ನಾಲಿಗೆ ತಿದ್ದಿ, ಧಾಟಿ ಹಾಗೇ ಇರಲಿ

ಅಮೆರಿಕದವರ ಹಾಗೆ ಮೂಗಿನಲ್ಲಿ ಮಾತಾಡಬೇಕಿಲ್ಲ. ಅರ್ಥ ಕೆಡಿಸುವ ನಾಲ್ಕು ಅಭ್ಯಾಸ ಮಾತ್ರ ಬಿಡಿ. ಒಂದು, ಕೊನೆಯ 'ಉ'. ಕನ್ನಡ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಕಾರು, ರೋಡು, ಬುಕ್ಕು ಎಂದು ಬಾಲ ಬೆಳೆಯುತ್ತದೆ. ಎರಡು, ಮೊದಲ 'ಯ' ಮತ್ತು 'ವ': 'ಎಗ್' ಹೋಗಿ 'ಯೆಗ್ಗು', 'ಓನ್ಲಿ' ಹೋಗಿ 'ವೋನ್ಲಿ'. ಮೂರು, ಭೂತಕಾಲದ ಬಾಲ: 'ವಾಕೆಡ್' ಅಲ್ಲ 'ವಾಕ್ಟ್', 'ಹೆಲ್ಪೆಡ್' ಅಲ್ಲ 'ಹೆಲ್ಪ್ಟ್'. 'ಟ', 'ಡ' ದನಿಯಲ್ಲಿ ಮುಗಿಯುವ 'ವಾಂಟ್', 'ನೀಡ್' ಥರದವಕ್ಕೆ ಮಾತ್ರ 'ಎಡ್' ಪೂರ್ತಿ ಕೇಳಿಸಬೇಕು. ನಾಲ್ಕು, ಒತ್ತು. ಕನ್ನಡದಲ್ಲಿ ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಲ್ಲಬೇಕು. 'ಹೋಟೆಲ್' ಪದದಲ್ಲಿ ಒತ್ತು 'ಟೆಲ್' ಮೇಲೆ, 'ಡೆವಲಪ್' ಪದದಲ್ಲಿ 'ವೆ' ಮೇಲೆ.

ಕಾಗುಣಿತ ನಂಬಿ ಓದಬೇಡಿ. ನಮ್ಮ ಲಿಪಿಯಲ್ಲಿ ಬರೆದದ್ದನ್ನು ಬರೆದ ಹಾಗೆ ಓದಬಹುದು, ಅಲ್ಲಿ ಆ ಭಾಗ್ಯವಿಲ್ಲ. 'ರಿಸೀಟ್' ಪದದಲ್ಲಿ 'ಪಿ' ಮೂಕ, 'ಪ್ಲಂಬರ್' ಪದದಲ್ಲಿ 'ಬಿ' ಮೂಕ. ಹೊಸ ಪದ ಸಿಕ್ಕಾಗ ಫೋನಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ, ಆಮೇಲೆ ಬರೆದುಕೊಳ್ಳಿ.

ಹಂತ 8: ದಿನದ ಅರ್ಧ ಗಂಟೆ

ಹದಿನೈದು ನಿಮಿಷ ಕೇಳಿ. ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಒಳ್ಳೆಯದು, ಸ್ಪಷ್ಟವಾಗಿ ಓದುತ್ತಾರೆ, ಸುದ್ದಿ ಮೊದಲೇ ಗೊತ್ತಿರುವುದರಿಂದ ಅರ್ಥವೂ ಆಗುತ್ತದೆ. ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಪಾಠಗಳು ಬಿಟ್ಟಿ ಸಿಗುತ್ತವೆ. ಮುಂದಿನ ಹತ್ತು ನಿಮಿಷ 'ಶ್ಯಾಡೋಯಿಂಗ್' ಮಾಡಿ. ಎಂದರೆ ಕೇಳಿದ ವಾಕ್ಯವನ್ನು ನೆರಳಿನ ಹಾಗೆ ಹಿಂದೆಯೇ ಅದೇ ಏರಿಳಿತದಲ್ಲಿ ಹೇಳುವುದು. ಭಜನೆ ಕಲಿತದ್ದು ಹೀಗೇ ಅಲ್ಲವೇ? ಉಳಿದ ಐದು ನಿಮಿಷ ಹಂತ 1ರ ಪಟ್ಟಿಯಿಂದ ಒಂದು ಸಂದರ್ಭ ತೆಗೆದುಕೊಂಡು ಫೋನಿಗೆ ಹೇಳಿ, ರೆಕಾರ್ಡ್ ಮಾಡಿ, ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಹೇಸಿಗೆ ಅನಿಸುತ್ತದೆ. ಎಲ್ಲರಿಗೂ ಹಾಗೇ.

ಪದ ಎಷ್ಟು ಬೇಕು? ಢಾಕಾದಲ್ಲಿ ಪಾಠ ಹೇಳುತ್ತಿದ್ದ ಮೈಕಲ್ ವೆಸ್ಟ್ ಎಂಬ ಇಂಗ್ಲಿಷ್ ಮೇಷ್ಟರು ಕಲಿಯುವವರಿಗೆ ಅತಿ ಹೆಚ್ಚು ಉಪಯೋಗ ಬೀಳುವ ಸುಮಾರು 2,000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. 2013ರಲ್ಲಿ ಬೇರೆಯವರು ಮಾಡಿದ ಹೊಸ ಪಟ್ಟಿಯಲ್ಲಿ ಸುಮಾರು 2,800 ಪದಗಳಿವೆ, ಸಾಮಾನ್ಯ ಬರಹದ ಶೇ. 90ಕ್ಕೂ ಹೆಚ್ಚು ಭಾಗ ಅವುಗಳಲ್ಲೇ ಮುಗಿಯುತ್ತದೆ. ದಿನಕ್ಕೆ ಐದು ಪದ ಅಂದರೆ 2,000 ಪದಕ್ಕೆ 400 ದಿನ. ಅದರಲ್ಲೂ ಎಷ್ಟೋ ನಿಮಗೆ ಈಗಲೇ ಗೊತ್ತು. ಕನ್ನಡ ಪದ ಹೊಳೆದು ಇಂಗ್ಲಿಷ್ ಹೊಳೆಯದಿದ್ದರೆ 'ಅಲರ್' ಎಂಬ ಉಚಿತ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿದೆ. ಇಡೀ ವಾಕ್ಯವನ್ನು ಅನುವಾದದ ಆ್ಯಪಿಗೆ ಹಾಕಿ ಬಂದದ್ದನ್ನು ಹಾಗೇ ಕಳಿಸಬೇಡಿ. ನೀವೇ ಮೊದಲು ಬರೆದು, ಆಮೇಲೆ ಹೋಲಿಸಿ ನೋಡಿ.

"ಮನೆಯಲ್ಲಿ ಮಗುವಿನ ಜೊತೆ ಇಂಗ್ಲಿಷೇ ಆಡಬೇಕಾ?"

ಬೇಡ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಆಡಿ. ಬೈಯುವುದು, ಮುದ್ದು ಮಾಡುವುದು, ಕತೆ ಹೇಳುವುದು ಅರೆಬರೆ ಭಾಷೆಯಲ್ಲಿ ಆಗುವ ಕೆಲಸವಲ್ಲ. ಕೊಂಕಣಿಯೋ ಉರ್ದುವೋ ಮನೆಮಾತಾಗಿ ಇರಲಿ, ಇಂಗ್ಲಿಷ್ ಜೊತೆಗೆ ಬರಲಿ. ಮಕ್ಕಳು ಎರಡು ಭಾಷೆ ಬೆರೆಸಿ ಆಡಿದರೆ ಗಾಬರಿಯಾಗಬೇಡಿ, ಬೆರೆಸುವುದು ಬಹುಭಾಷೆಯ ಮನೆಗಳಲ್ಲಿ ಸಹಜ.

ಹಲವು ಭಾಷೆ ಮಿದುಳಿಗೆ ಒಳ್ಳೆಯದು ಅನ್ನುತ್ತಾರಲ್ಲ, ನಿಜವೇ ಎಂದೂ ಕೇಳುತ್ತಾರೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮರೆಗುಳಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂದೇ ಭಾಷೆಯವರಿಗಿಂತ ಎರಡು ಭಾಷೆಯವರಲ್ಲಿ ರೋಗ ಕಾಣಿಸಿಕೊಂಡದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ, ಅದೂ ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಕೂಡ. ಹಾಗಂತ ಎರಡು ಭಾಷೆ ಬಲ್ಲ ಮಕ್ಕಳು ಎಲ್ಲದರಲ್ಲೂ ಚುರುಕು ಅನ್ನುವ ಮಾತಿಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಆ ಆಸೆಗೆ ಬಿದ್ದು ಮಗುವಿನ ಮೇಲೆ ಭಾಷೆ ಹೇರಬೇಡಿ. ನಿತ್ಯದ ಲಾಭ ಕಣ್ಣೆದುರೇ ಇದೆ: ಎರಡು ಭಾಷೆಯಲ್ಲಿ ವ್ಯಾಪಾರ, ಎರಡು ಭಾಷೆಯಲ್ಲಿ ಸ್ನೇಹ. ತೀರ್ಥಹಳ್ಳಿ ಕಡೆಯ ಅನಂತಮೂರ್ತಿ, ಕೊನಗವಳ್ಳಿಯ ಲಂಕೇಶ್ ಇಬ್ಬರೂ ಇಂಗ್ಲಿಷ್ ಪಾಠ ಹೇಳಿ, ಕನ್ನಡದಲ್ಲಿ ಬರೆದವರು.

ಮಾತು ನಡುವೆ ನಿಂತುಬಿಟ್ಟರೆ

ನಿಲ್ಲುತ್ತದೆ. ಆಗ ಬಳಸಲು ಮೂರು ವಾಕ್ಯ ಇಂದೇ ಬಾಯಿಪಾಠ ಮಾಡಿ. ಕೇಳಿಸದಿದ್ದರೆ 'ಸಾರಿ, ಕುಡ್ ಯು ಸೇ ದಟ್ ಅಗೇನ್?' ವೇಗ ಹೆಚ್ಚಾದರೆ 'ಕುಡ್ ಯು ಸ್ಪೀಕ್ ಎ ಲಿಟಲ್ ಮೋರ್ ಸ್ಲೋಲಿ, ಪ್ಲೀಸ್?' ಪದ ಸಿಗದಿದ್ದರೆ 'ಐ ಡೋಂಟ್ ನೋ ದ ಇಂಗ್ಲಿಷ್ ವರ್ಡ್. ಇನ್ ಕನ್ನಡ ವಿ ಕಾಲ್ ಇಟ್...' ಎಂದು ಕನ್ನಡ ಪದವನ್ನೇ ಹೇಳಿ, ವಸ್ತು ತೋರಿಸಿ. ಕಡುಬಿಗೆ ಇಂಗ್ಲಿಷ್ ಪದ ಹುಡುಕುವ ಹೊತ್ತಿಗೆ ಅದು ಆರಿ ಹೋಗಿರುತ್ತದೆ.